ಜೇಡಿಮಣ್ಣಿನ ಬಿಗಿಮುಷ್ಟಿ

ಕೇಳುಗರಿಗೆ ನಮಸ್ಕಾರ. ಮಳೆ ಬಿದ್ದ ಮರುದಿನ ಎರೆಹೊಲಕ್ಕೆ ಕಾಲಿಟ್ಟವರಿಗೆ ಆ ಮಣ್ಣಿನ ಹಿಡಿತ ಎಂಥದ್ದೆಂದು ಹೇಳಬೇಕಾಗಿಲ್ಲ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಚಪ್ಪಲಿ ಕಲ್ಲಿನಂತೆ ಭಾರವಾಗುತ್ತದೆ. ಇನ್ನೊಂದು ಹೆಜ್ಜೆಗೆ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಮಳೆಗಾಲ ಮುಗಿದ ಮೇಲೂ ತೇವ ಹಿಡಿದಿಟ್ಟು ಹಿಂಗಾರಿ ಜೋಳವನ್ನು ಸಲಹುವುದು ಈ ಗುಣವೇ. ಆದರೆ ಇಂಥ ಜೇಡಿಮಣ್ಣಿಗೆ ಸೀಸವೋ ಆರ್ಸೆನಿಕ್ಕೋ ಕಾರ್ಖಾನೆಯ ದ್ರಾವಕವೋ ಇಳಿದರೆ ಅದನ್ನೂ ಅಷ್ಟೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಮರಳಾದರೆ ನೀರು ಹಾಯಿಸಿ ತೊಳೆಯಬಹುದು. ಬಿಗಿಯಾದ ಜೇಡಿಯೊಳಗೆ ನೀರು ತನ್ನ ಭಾರದಿಂದ ಇಳಿಯುವುದು ವರ್ಷಕ್ಕೆ ಸುಮಾರು 3 ಸೆಂಟಿಮೀಟರ್. ಒಂದು ಮೀಟರ್ ದಾಟಲು 30 ವರ್ಷಕ್ಕೂ ಹೆಚ್ಚು ಬೇಕು. ಅದೇ ಮಣ್ಣಿನಲ್ಲಿ ಎರಡು ಸರಳುಗಳನ್ನು ನೆಟ್ಟು, ನಡುವಿನ ಪ್ರತಿ ಸೆಂಟಿಮೀಟರಿಗೆ 1 ವೋಲ್ಟಿನಂತೆ, ಬ್ಯಾಟರಿಯಿಂದ ಬರುವಂಥ ಒಂದೇ ದಿಕ್ಕಿನ ವಿದ್ಯುತ್ತನ್ನು ಹರಿಸಿದರೆ ನೀರು ದಿನಕ್ಕೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಸರಿಯುತ್ತದೆ. ಮೂವತ್ತು ವರ್ಷದ ದಾರಿ ನಾಲ್ಕು ತಿಂಗಳಿಗೆ ಇಳಿಯಿತು.

ಇದನ್ನು ಮೊದಲು ಕಂಡವರು ಮಾಸ್ಕೋದಲ್ಲಿ ಪ್ರಾಧ್ಯಾಪಕರಾಗಿದ್ದ ಫರ್ಡಿನಾಂಡ್ ರಾಯ್ಸ್. ಅವರು ಹಸಿ ಜೇಡಿಯಲ್ಲಿ ಎರಡು ಗಾಜಿನ ಕೊಳವೆಗಳನ್ನು ಊರಿ, ನೀರು ತುಂಬಿ, ವೋಲ್ಟಾ ಬ್ಯಾಟರಿಯ ತಂತಿಗಳನ್ನು ಇಳಿಬಿಟ್ಟರು. ಧನ ಧ್ರುವದ ಕೊಳವೆ ಕದಡಿತು, ಋಣ ಧ್ರುವದ ಕೊಳವೆಯಲ್ಲಿ ನೀರು ಏರಿತು. 1809ರಲ್ಲಿ ಪ್ರಕಟವಾದ ಈ ಪ್ರಯೋಗ ನನಗೆ ಇಂದಿಗೂ ರೋಮಾಂಚನ ತರುತ್ತದೆ. ಎರಡು ಕೊಳವೆ, ಒಂದು ಮುದ್ದೆ ಮಣ್ಣು, ಅಷ್ಟೇ!

ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುದಂಶವಿದೆ. ಲೋಹದ ಅಯಾನುಗಳು, ಅಂದರೆ ಧನ ವಿದ್ಯುದಂಶ ಹೊತ್ತ ಲೋಹದ ಪರಮಾಣುಗಳು, ಅದಕ್ಕೆ ಅಂಟಿ ಕೂರುತ್ತವೆ. ವಿದ್ಯುತ್ ಹರಿದಾಗ ಕಣದ ಸುತ್ತಲಿನ ಧನ ಅಯಾನುಗಳು ಋಣ ಸರಳಿನತ್ತ ಹೊರಡುತ್ತವೆ, ಹೋಗುತ್ತಾ ನೀರನ್ನೂ ಎಳೆದೊಯ್ಯುತ್ತವೆ. ವಿಷವನ್ನು ಹಿಡಿದಿಟ್ಟ ಗುಣವೇ ಅದನ್ನು ಹೊರಡಿಸುವ ದಾರಿಯೂ ಆಗುತ್ತದೆ ಎಂಬುದು ಈ ವಿದ್ಯೆಯ ಜೀವಾಳ. ಇತ್ತ ಧನ ಸರಳಿನ ಬಳಿ ನೀರು ಒಡೆದು ಆಮ್ಲ ಹುಟ್ಟುತ್ತದೆ. ಅದು ಮಣ್ಣಿನೊಳಗೆ ಮುಂದುವರಿಯುತ್ತಾ ಲೋಹಗಳನ್ನು ಬಿಡಿಸುತ್ತದೆ. ಆದರೆ ಋಣ ಸರಳಿನ ಬಳಿ ಕ್ಷಾರ ಹುಟ್ಟುತ್ತದೆ. ಎರಡೂ ಸಂಧಿಸುವಲ್ಲಿ, ಬಿಡುಗಡೆಯಾದ ಲೋಹ ಮತ್ತೆ ಗಟ್ಟಿಯಾಗಿ ನಿಂತುಬಿಡುತ್ತದೆ. ಆಗ ಋಣ ಸರಳನ್ನು ಇಳಿಸಿದ ಬಾವಿಗೆ ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲವನ್ನು ಸುರಿದು ಕ್ಷಾರವನ್ನು ಅಡಗಿಸುತ್ತಾರೆ. ನಮ್ಮ ಎರೆಯಂತೆ ಸುಣ್ಣದ ಹರಳುಗಳಿರುವ ಮಣ್ಣಿನಲ್ಲಿ ತೊಡಕು ಹೆಚ್ಚು. ಹುಟ್ಟಿದ ಆಮ್ಲವನ್ನು ಸುಣ್ಣವೇ ನುಂಗಿಬಿಡುತ್ತದೆ.

ನಮ್ಮ ನೆಲಕ್ಕೂ ಈ ವಿಚಾರ ಹೊಸದಲ್ಲ. ಪುರಿ ಮತ್ತು ಆನಂದ್ ಎಂಬ ವಿಜ್ಞಾನಿಗಳು ವಿದ್ಯುತ್ತಿನಿಂದ ಕ್ಷಾರ ಮಣ್ಣನ್ನು ಸುಧಾರಿಸುವ ಪ್ರಯೋಗವನ್ನು 1936ರಲ್ಲೇ ಪ್ರಕಟಿಸಿದ್ದರು. ಸವಳು ನೆಲದ ಸಂಕಟ ಬಲ್ಲ ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಆ ಹಂಬಲ ಅರ್ಥವಾದೀತು. ಕಾರ್ಖಾನೆಯ ವಿಷಕ್ಕೆ ಇದನ್ನು ಬಯಲಿನಲ್ಲಿ ಮೊದಲಿಗೆ ಬಳಸಿದವರಲ್ಲಿ ಡಚ್ಚರಿದ್ದಾರೆ. 1980ರ ದಶಕದ ಕೊನೆಯಲ್ಲಿ ಲೊಪ್ಪರ್ಸಮ್ ಎಂಬ ಊರಿನಲ್ಲಿ, ಮರಮುಟ್ಟು ಹಾಳಾಗದಂತೆ ಔಷಧ ಊಡಿಸುತ್ತಿದ್ದ ಜಾಗದ ಜೇಡಿಯಿಂದ ಆರ್ಸೆನಿಕ್ ತೆಗೆದರು.

ನನ್ನನ್ನು ಹೆಚ್ಚು ಕಾಡಿದ್ದು ಅಮೆರಿಕದ ಕೆಂಟಕಿ ರಾಜ್ಯದ ಪಡೂಕಾ. ಅಲ್ಲಿನ ಯುರೇನಿಯಂ ಸ್ಥಾವರದಲ್ಲಿ 1960ರ ದಶಕದಲ್ಲಿ ಉಕ್ಕಿನ ಸಿಲಿಂಡರುಗಳನ್ನು ಎತ್ತರದಿಂದ ಬೀಳಿಸಿ ಗಟ್ಟಿತನ ಪರೀಕ್ಷಿಸುತ್ತಿದ್ದರು. ಬೀಳಿಸುವ ಮುನ್ನ ತಣ್ಣಗಾಗಿಸಲು ಒಣ ಮಂಜುಗಡ್ಡೆ, ಅಂದರೆ ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್, ಬೆರೆಸಿದ ಟ್ರೈಕ್ಲೋರೋಎಥಿಲೀನ್ ದ್ರಾವಕದಲ್ಲಿ ಅದ್ದುತ್ತಿದ್ದರು. ದ್ರಾವಕ ಸದ್ದಿಲ್ಲದೆ ಜೇಡಿಗೆ ಇಳಿದು ಮೂರು ದಶಕ ಅಲ್ಲೇ ಕುಳಿತಿತ್ತು. 1995ರಲ್ಲಿ ಅಲ್ಲಿ ಸರಳುಗಳ ನಡುವೆ ಶುದ್ಧೀಕರಣದ ಪದರಗಳನ್ನು ಇಳಿಸಿದರು. ಪದರ ಪದರವಾಗಿದ್ದರಿಂದ ಇಟಲಿಯ ತಿನಿಸಿನ ಹೆಸರನ್ನೇ ಇಟ್ಟು ‘ಲಸಾನ್ಯ’ ಎಂದರು. ಈ ದ್ರಾವಕಕ್ಕೆ ವಿದ್ಯುದಂಶವಿಲ್ಲ. ಸರಿಯುವ ನೀರೇ ಅದನ್ನು ಹೊತ್ತು ಪದರಗಳಿಗೆ ತಂದಿತು. ಮೊದಲ ಪದರಗಳಲ್ಲಿ ಇದ್ದಿಲು ಅದನ್ನು ಹೀರಿಕೊಂಡಿತು. ಮುಂದಿನ ಹಂತದಲ್ಲಿ ಕಬ್ಬಿಣದ ಪುಡಿ ಅದನ್ನು ಒಡೆದೇ ಹಾಕಿತು. 120 ದಿನಗಳ ಮೊದಲ ಪರೀಕ್ಷೆಯಲ್ಲಿ ಸುಮಾರು 98 ಪ್ರತಿಶತ ದ್ರಾವಕ ಮಣ್ಣನ್ನು ಬಿಟ್ಟಿತ್ತು.

ಕಲುಷಿತ ಮಣ್ಣನ್ನು ಅಗೆದು ಲಾರಿಯಲ್ಲಿ ತುಂಬಿ ಇನ್ನೊಂದು ಊರಿನ ಅಂಚಿಗೆ ಸುರಿಯುವುದನ್ನು ಶುದ್ಧೀಕರಣವೆಂದು ಒಪ್ಪಲು ನನ್ನಿಂದಾಗದು. ಇದ್ದಲ್ಲೇ ತೊಳೆಯುವ ಈ ದಾರಿ ನನಗೆ ಮುಖ್ಯವೆನಿಸುವುದು ಅದಕ್ಕಾಗಿ. ಹಾಗೆಂದು ಎಲ್ಲ ಕಡೆಗೂ ಇದು ಒಗ್ಗುವುದಿಲ್ಲ. ಒಣ ಮಣ್ಣಿನಲ್ಲಿ ವಿದ್ಯುತ್ ಹರಿಯದು. ನೆಲದಲ್ಲಿ ಹಳೆಯ ಕಬ್ಬಿಣದ ಕೊಳವೆಗಳಿದ್ದರೆ ಕರೆಂಟು ಅವುಗಳನ್ನೇ ಹಿಡಿದು ಹೋಗುತ್ತದೆ. ದ್ರಾವಕವನ್ನಾದರೆ ಕಬ್ಬಿಣ ಒಡೆಯುತ್ತದೆ, ಸೀಸವನ್ನು ಒಡೆಯುವಂತಿಲ್ಲ; ಸರಳಿನ ಬಾವಿಗೆ ಬಂದು ಸೇರಿದ ಆ ನೀರನ್ನು ದಿನವೂ ಪಂಪಿನಿಂದ ಎತ್ತಿ, ಲೋಹವನ್ನು ಬೇರ್ಪಡಿಸಿ, ಭದ್ರವಾಗಿ ಇಡಬೇಕು. ಅದನ್ನು ಇಡುವುದು ಎಲ್ಲಿ ಎಂಬುದು ಸ್ವಿಚ್ಚು ಒತ್ತುವ ಮೊದಲೇ ಆ ಊರಿನವರಿಗೆ ತಿಳಿದಿರಬೇಕು. ನಮಸ್ಕಾರ.