ಜಾಮೀನು ಸಿಕ್ಕ ದಿನ ಟಿಬಿ ಗುಳಿಗೆ ಜೊತೆಗೆ ಬಂತಾ?

ನಮಸ್ಕಾರ ರೀ ಎಲ್ಲರಿಗೂ. ಇವತ್ತಿನ ಮಾತು ಜೈಲಿನೊಳಗಿನ ಟಿಬಿ ಬಗ್ಗೆ. ನಮ್ಮ ಮನೆಯವರು ಯಾರೂ ಜೈಲಿಗೆ ಹೋಗಿಲ್ಲ, ನಮಗ್ಯಾಕೆ ಇದು ಅನ್ನಿಸಬಹುದು. ಸ್ವಲ್ಪ ತಡೆಯಿರಿ, ಪೂರ್ತಿ ಕೇಳಿ.

ಬೆಳಗಾವಿಯಿಂದ ವೆಂಗುರ್ಲಾ ರಸ್ತೆ ಹಿಡಿದರೆ ಹಿಂಡಲಗಾ ಬರುತ್ತದೆ. ಅಲ್ಲಿನ ಸೆಂಟ್ರಲ್ ಜೈಲು 1923ರದ್ದು. ಹಿಂಡಲಗಾ ಅಂದ ಕೂಡಲೇ ನಮ್ಮ ಕಡೆ ಜನರಿಗೆ ಗಲ್ಲು ಶಿಕ್ಷೆ, ದೊಡ್ಡ ದೊಡ್ಡ ಕೇಸುಗಳೇ ನೆನಪಾಗುತ್ತವೆ. ಆದರೆ ನಮ್ಮ ದೇಶದ ಜೈಲುಗಳನ್ನು ತುಂಬಿರುವುದು ಅಂಥವರಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ಕರಲ್ಲಿ ಮೂರು ಜನರ ಕೇಸು ಇನ್ನೂ ತೀರ್ಮಾನವಾಗಿಲ್ಲ. ನೂರು ಜನ ಇರಬೇಕಾದ ಜಾಗದಲ್ಲಿ ಸರಾಸರಿ 131 ಜನ ಮಲಗುತ್ತಿದ್ದರು.

ವಿಚಾರಣಾಧೀನ ಕೈದಿ ಒಂದು ಕಡೆ ನಿಲ್ಲುವವನಲ್ಲ. ಇವತ್ತು ಬರುತ್ತಾನೆ, ತಿಂಗಳಿಗೋ ಎರಡು ತಿಂಗಳಿಗೋ ಜಾಮೀನು ಸಿಕ್ಕಿ ಹೋಗುತ್ತಾನೆ, ಇಲ್ಲವೇ ಬೇರೆ ಜೈಲಿಗೆ ವರ್ಗವಾಗುತ್ತಾನೆ. ಸಾಮಾನ್ಯ ಟಿಬಿಯ ಚಿಕಿತ್ಸೆ ಮಾತ್ರ ಆರು ತಿಂಗಳದ್ದು. ಇವೆರಡೂ ಹೊಂದುವುದೇ ಇಲ್ಲ. ಜೈಲಿನಲ್ಲಿ ಟಿಬಿ ಹುಡುಕುವ ಕೆಲಸವನ್ನು ವರ್ಷಕ್ಕೊಂದು ಶಿಬಿರದ ಲೆಕ್ಕದಲ್ಲಿ ಮಾಡಿದರೆ ಸಾಲದು, ಗೇಟಿನ ಲೆಕ್ಕದಲ್ಲಿ ಮಾಡಬೇಕು ಅಂತ ನಾನು ಹೇಳುವುದು ಇದಕ್ಕೇ. ಒಳಗೆ ಬರುವಾಗ ಪ್ರತಿಯೊಬ್ಬರಿಗೂ ಒಮ್ಮೆ. ಹೊರಗೆ ಹೋಗುವಾಗ ಇನ್ನೊಮ್ಮೆ. ಶಿಬಿರ ಬೇಡ ಅನ್ನುತ್ತಿಲ್ಲ. ಆದರೆ ಶಿಬಿರದಲ್ಲಿ ಸಿಗುವುದು ಆ ದಿನ ಒಳಗಿದ್ದವರು ಮಾತ್ರ. ಮರುದಿನ ಪೊಲೀಸ್ ವ್ಯಾನಿನಿಂದ ಇಳಿಯುವವನಿಗೆ ಮುಂದಿನ ವರ್ಷವೇ ಗತಿ.

ಟಿಬಿ ಹರಡುವುದು ಗಾಳಿಯಿಂದ. ತಟ್ಟೆ ಲೋಟದಿಂದಲ್ಲ, ಬಟ್ಟೆಯಿಂದಲ್ಲ, ಕೈ ಕುಲುಕುವುದರಿಂದಲೂ ಅಲ್ಲ. ಶ್ವಾಸಕೋಶದ ಟಿಬಿ ಇರುವವರು ಕೆಮ್ಮಿದಾಗ, ಮಾತಾಡಿದಾಗ ಹೊರಬರುವ ಸಣ್ಣ ಸಣ್ಣ ಹನಿಗಳು ಗಾಳಿ ಆಡದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತವೆ. ಈಗ ನಮ್ಮ ಬೆಳಗಾವಿಯ ಆಷಾಢ ನೆನಪಿಸಿಕೊಳ್ಳಿ. ಜಿಟಿಜಿಟಿ ಮಳೆ, ಥಂಡಿ ಗಾಳಿ. ಮನೆಯಲ್ಲೇ ನಾವು ಕಿಟಕಿ ತೆಗೆಯುವುದಿಲ್ಲ. ಹಾಗಿರುವಾಗ ಬ್ಯಾರಕ್‌ನಲ್ಲಿ ನೆಲದ ಮೇಲೆ ಮಲಗುವವನು ಕಿಟಕಿಗೆ ಚಾದರವೋ ಪ್ಲಾಸ್ಟಿಕ್ಕೋ ಕಟ್ಟಿದರೆ ಅವನನ್ನು ಬೈಯಲು ಬರುತ್ತದಾ? ಸಂಜೆ ಎಣಿಕೆ ಮುಗಿದು ಬೀಗ ಬಿದ್ದರೆ ಬೆಳಗಿನವರೆಗೆ ಅದೇ ಗಾಳಿ, ಅದೇ ಕೆಮ್ಮು. ಜಗತ್ತಿನ ಲೆಕ್ಕ ನೋಡಿದರೆ ಹೊರಗಿನವರಿಗಿಂತ ಜೈಲಿನಲ್ಲಿರುವವರಿಗೆ ಟಿಬಿ ಬರುವ ಪ್ರಮಾಣ ಸುಮಾರು ಹತ್ತು ಪಟ್ಟು ಜಾಸ್ತಿ. ಅದೇ ಗಾಳಿಯನ್ನು ವಾರ್ಡರ್‌ಗಳೂ ಕುಡಿಯುತ್ತಾರೆ. ಡ್ಯೂಟಿ ಮುಗಿಸಿ ಮಕ್ಕಳಿರುವ ಮನೆಗೆ ಹೋಗುತ್ತಾರೆ. ತಪಾಸಣೆಯ ಪಟ್ಟಿಯಲ್ಲಿ ಅವರ ಹೆಸರೂ ಇರಬೇಕು.

ಜೈಲಿಗೆ ಬಂದವರನ್ನು ವೈದ್ಯರು ನೋಡಬೇಕು ಅಂತ ನಿಯಮವೇನೋ ಇದೆ. ಆದರೆ ಹೇಗೆ ನೋಡುತ್ತಾರೆ ಅನ್ನುವುದು ಮುಖ್ಯ. "ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದೆಯಾ? ಜ್ವರ? ತೂಕ ಇಳಿದಿದೆಯಾ? ರಾತ್ರಿ ಬೆವರುತ್ತೀರಾ?" ಇಷ್ಟು ಕೇಳಿ ಕಳಿಸಿದರೆ ಅರ್ಧ ಕೆಲಸವೂ ಆಗಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಟಿಬಿ ಸಮೀಕ್ಷೆ ಇದನ್ನು ಚೆನ್ನಾಗಿ ತೋರಿಸಿತು. ಅದರಲ್ಲಿ ಸಿಕ್ಕ ಟಿಬಿ ರೋಗಿಗಳಲ್ಲಿ ನೂರಕ್ಕೆ 42 ಜನ ಎದೆಯ ಎಕ್ಸ್‌ರೇ ಇಲ್ಲದೇ ಹೋಗಿದ್ದರೆ ಸಿಗುತ್ತಲೇ ಇರಲಿಲ್ಲ. ಪ್ರಶ್ನೆ ಕೇಳಿದರೆ ಅವರಿಗೆ ಏನೂ ಇಲ್ಲ. ಎಕ್ಸ್‌ರೇಯಲ್ಲಿ ಇದೆ. ಇನ್ನು ಜೈಲಿಗೆ ಮೊದಲ ಸಲ ಬಂದವನ ಸ್ಥಿತಿ ಯೋಚಿಸಿ. ಮನೆಯವರಿಗೆ ವಿಷಯ ಗೊತ್ತಾಯಿತೋ ಇಲ್ಲವೋ, ವಕೀಲರು ಸಿಕ್ಕರೋ ಇಲ್ಲವೋ ಅನ್ನುವ ಚಿಂತೆಯಲ್ಲಿರುವವನು ತನ್ನ ಕೆಮ್ಮು ಎಷ್ಟು ವಾರದ್ದು ಅಂತ ಲೆಕ್ಕ ಇಟ್ಟಿರುತ್ತಾನಾ? ಕೆಮ್ಮು ಅಂದರೆ ಬೇರೆ ಕೋಣೆಗೆ ಹಾಕುತ್ತಾರೆ ಅಂತ ಹೆದರಿ ಸುಮ್ನೆ ಇರುವವರೂ ಇರುತ್ತಾರೆ. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗಳನ್ನು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಕೇಳಬೇಕು, ಅದು ಬೇರೆ ಮಾತು.

ಈಗ ಕೈಯಲ್ಲಿ ಹಿಡಿದು ತೆಗೆಯುವ ಎಕ್ಸ್‌ರೇ ಯಂತ್ರಗಳು ಬಂದಿವೆ. ಟಿಬಿ ಅಭಿಯಾನದಲ್ಲಿ ಹಳ್ಳಿಹಳ್ಳಿಗೆ ಒಯ್ಯುತ್ತಾರೆ. ಕೈದಿಯನ್ನು ಬೆಂಗಾವಲು ಪೊಲೀಸರ ಜೊತೆ ಜಿಲ್ಲಾಸ್ಪತ್ರೆಗೆ ಕಳಿಸುವುದು ಎಷ್ಟು ಕಷ್ಟ ಅಂತ ಜೈಲು ಸಿಬ್ಬಂದಿಯನ್ನೇ ಕೇಳಿ. ಬೆಂಗಾವಲು ಸಿಗಬೇಕು, ವಾಹನ ಸಿಗಬೇಕು. ಯಂತ್ರವೇ ಗೇಟಿಗೆ ಬಂದರೆ ಆ ತಾಪತ್ರಯ ಇಲ್ಲ. ಎಕ್ಸ್‌ರೇಯಲ್ಲಿ ಅನುಮಾನ ಬಂದರೆ ಕಫ ತೆಗೆದು ಟ್ರೂನ್ಯಾಟ್‌ಗೋ ಸಿಬಿನ್ಯಾಟ್‌ಗೋ ಕಳಿಸಿ. ಇವು ಕಫದಲ್ಲಿ ಟಿಬಿ ರೋಗಾಣು ಹುಡುಕುವ ಪರೀಕ್ಷೆಗಳು, ಯಂತ್ರಕ್ಕೆ ಹಾಕಿದ ಮೇಲೆ ಒಂದೆರಡು ಗಂಟೆಯ ಕೆಲಸ. ರಿಫಾಂಪಿಸಿನ್ ಅನ್ನುವ ಟಿಬಿಯ ಮುಖ್ಯ ಔಷಧ ನಾಟುತ್ತದೋ ಇಲ್ಲವೋ ಅನ್ನುವುದೂ ಗೊತ್ತಾಗುತ್ತದೆ.

ಕಫ ಕೊಡುವುದನ್ನು ಯಾರೂ ದೊಡ್ಡದಾಗಿ ಮಾತಾಡುವುದಿಲ್ಲ. ಲ್ಯಾಬಿಗೆ ಬೇಕಾದದ್ದು ಉಗುಳಲ್ಲ. ಬೆಳಗ್ಗೆ ಎದ್ದು, ಬಾಯಿ ತೊಳೆದು, ಎರಡು ಮೂರು ಸಲ ಉದ್ದಕ್ಕೆ ಉಸಿರೆಳೆದು, ಎದೆಯ ಆಳದಿಂದ ಕೆಮ್ಮಿ ತೆಗೆದ ಗಟ್ಟಿ ಕಫ ಬೇಕು. ಮೂವತ್ತು ನಲವತ್ತು ಜನ ನೋಡುತ್ತಿರುವ ಬ್ಯಾರಕ್‌ನಲ್ಲಿ ಪ್ಲಾಸ್ಟಿಕ್ ಡಬ್ಬಿ ಹಿಡಿದುಕೊಂಡು ಯಾರು ಹಾಗೆ ಕೆಮ್ಮುತ್ತಾರೆ ಹೇಳಿ? ನಾಚಿಕೆಯಿಂದ ಒಂದಿಷ್ಟು ಉಗುಳಿ ಕೊಡುತ್ತಾರೆ. ರಿಪೋರ್ಟ್ ನೆಗೆಟಿವ್ ಬರುತ್ತದೆ. ರೋಗ ಅಲ್ಲೇ ಉಳಿಯುತ್ತದೆ. ಅದಕ್ಕೆ ಅವರನ್ನು ಬಯಲಿಗೆ, ಮರದ ಕೆಳಗೆ ಕರೆದುಕೊಂಡು ಹೋಗಿ, ಒಬ್ಬರು ನಿಂತು ಹೀಗೆ ಕೆಮ್ಮಬೇಕು ಅಂತ ಹೇಳಿಕೊಟ್ಟರೆ ಸಾಕು. ತೆರೆದ ಗಾಳಿಯಲ್ಲಾದರೆ ಬೇರೆಯವರಿಗೆ ಅಂಟುವ ಭಯವೂ ಕಡಿಮೆ. ಇದಕ್ಕೆ ಬಜೆಟ್ ಬೇಕಾ? ಬೇಡ. ಮನಸ್ಸು ಬೇಕು.

ಟಿಬಿ ಇಲ್ಲ ಅಂತ ಖಾತ್ರಿಯಾದ, ಆದರೆ ರೋಗಿಯ ಪಕ್ಕದಲ್ಲೇ ಮಲಗಿದ್ದವರಿಗೆ ಮುಂಜಾಗ್ರತೆಯ ಗುಳಿಗೆ ಇದೆ. ವಾರಕ್ಕೊಮ್ಮೆಯಂತೆ ಹನ್ನೆರಡು ವಾರದ್ದೂ ಇದೆ, ದಿನಾ ನುಂಗುವ ಆರು ತಿಂಗಳದ್ದೂ ಇದೆ. ಜೈಲಿಗೆ ಹನ್ನೆರಡು ವಾರದ್ದೇ ಸರಿ ಅನ್ನಿಸುತ್ತದೆ, ಜನ ಅಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲವಲ್ಲ. ಊಟದ ಮಾತೂ ಅಷ್ಟೇ ಮುಖ್ಯ. ಜಾರ್ಖಂಡ್‌ನಲ್ಲಿ ನಡೆದ ಅಧ್ಯಯನವೊಂದರಲ್ಲಿ ಟಿಬಿ ರೋಗಿಗಳ ಮನೆಯವರಿಗೆ ಪೌಷ್ಟಿಕ ರೇಷನ್ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು 39 ಪರ್ಸೆಂಟ್ ಕಡಿಮೆಯಾಯಿತು. 2023ರಲ್ಲಿ ಇದು ಪ್ರಕಟವಾಯಿತು. ಬ್ಯಾರಕ್ಕೂ ಒಂದು ಮನೆಯೇ ಅಲ್ವಾ? ಒಂದೇ ಸೂರು, ಒಂದೇ ಗಾಳಿ, ಒಂದೇ ಅಡುಗೆ.

ಇನ್ನು ಹೊರಗೆ ಹೋಗುವ ಗೇಟು. ನನಗೆ ಜಾಸ್ತಿ ಸಂಕಟವಾಗುವುದು ಇಲ್ಲೇ.

ಐವತ್ತೈದು ಕೆಜಿ ತೂಕದ ಒಬ್ಬನಿಗೆ ಟಿಬಿ ಸಿಕ್ಕಿತು ಅಂದುಕೊಳ್ಳಿ. ದಿನಕ್ಕೆ ನಾಲ್ಕು ಗುಳಿಗೆ. ಮೊದಲ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ನೋಡಿ ಹೆದರುತ್ತಾನೆ. ಅದು ಔಷಧದ ಬಣ್ಣ ಅಂತ ಯಾರೋ ಧೈರ್ಯ ಹೇಳುತ್ತಾರೆ. ಎರಡು ಮೂರು ವಾರಕ್ಕೆ ಜ್ವರ ಬಿಡುತ್ತದೆ, ಊಟ ಸೇರುತ್ತದೆ. ಎರಡನೇ ತಿಂಗಳಲ್ಲಿ ಜಾಮೀನು. ಕೋರ್ಟಿನ ಆದೇಶ ಜೈಲು ಮುಟ್ಟುವಾಗ ಸಂಜೆ. ಬಟ್ಟೆ, ಚೀಲ, ಒಳಗೆ ಬರುವಾಗ ಕೊಟ್ಟ ಪರ್ಸು, ಮೊಬೈಲು ಎಲ್ಲ ಎಣಿಸಿ ಸಹಿ ಹಾಕಿಸಿ ಕೊಡುತ್ತಾರೆ. ಗುಳಿಗೆ ಜೈಲಿನ ದವಾಖಾನೆಯಲ್ಲೇ ಉಳಿಯುತ್ತದೆ. ಅಷ್ಟು ಹೊತ್ತಿಗೆ ಡಾಕ್ಟರು ಮನೆಗೆ ಹೋಗಿರುತ್ತಾರೆ. ಅವನಿಗೆ ಮೈ ಹಗುರಾಗಿದೆ, ರೋಗ ಹೋಯಿತು ಅಂದುಕೊಳ್ಳುತ್ತಾನೆ. ಊರಿಗೆ ಹೋಗಿ ಎರಡು ದಿನಕ್ಕೆ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಸಾಂಗಲಿ ಕಡೆಗೋ, ಗೌಂಡಿ ಕೆಲಸಕ್ಕೆ ಗೋವಾಕ್ಕೋ ಹೊರಡುತ್ತಾನೆ. ಅರ್ಧಕ್ಕೆ ಬಿಟ್ಟ ಟಿಬಿ ಮರಳಿ ಬರಬಹುದು. ಔಷಧಕ್ಕೆ ಜಗ್ಗದ ಟಿಬಿ ಹುಟ್ಟುವುದಕ್ಕೂ ಇದೇ ದಾರಿ. ಕಬ್ಬಿನ ಗದ್ದೆಯ ಪಕ್ಕದ ಜೋಪಡಿಯಲ್ಲಿ ಅವನ ಜೊತೆ ಹೆಂಡತಿ ಮಕ್ಕಳೂ ಇರುತ್ತಾರೆ.

ಪರ್ಸು ಕೊಡುವಾಗ ಸಹಿ ಹಾಕಿಸುತ್ತೀರಲ್ಲ, ಅದೇ ಪುಸ್ತಕದಲ್ಲಿ ಇನ್ನೊಂದು ಸಾಲು ಇರಲಿ. "ಟಿಬಿ ಔಷಧ ಕೊಟ್ಟಿದೆ, ಒಂದು ತಿಂಗಳಿನದು." ಅವನ ನಿಕ್ಷಯ್ ಐಡಿ, ಅಂದರೆ ಟಿಬಿ ರೋಗಿಯ ಸರ್ಕಾರಿ ನೋಂದಣಿ ನಂಬರು, ಒಂದು ಚೀಟಿಯಲ್ಲಿ ಬರೆದುಕೊಡಿ. ಅವನ ಊರಿನ ಪಿಎಚ್‌ಸಿಗೆ ಅವತ್ತೇ ಒಂದು ಫೋನ್ ಹೋಗಲಿ. ಐಡಿ ಇದ್ದರೆ ದೇಶದ ಯಾವ ಸರ್ಕಾರಿ ದವಾಖಾನೆಯಲ್ಲಾದರೂ ಚಿಕಿತ್ಸೆ ಮುಂದುವರಿಸಬಹುದು, ದುಡ್ಡಿಲ್ಲದೆ. ತಿಂಗಳಿಗೆ 1000 ರೂಪಾಯಿ ಪೋಷಣೆಯ ಹಣವೂ ಬ್ಯಾಂಕ್ ಖಾತೆಗೆ ಬರಬೇಕು. 2024ರ ನವೆಂಬರ್‌ವರೆಗೆ ಅದು 500 ಇತ್ತು. ಒಳಗಿದ್ದಾಗ ಪಾಸ್‌ಬುಕ್ಕು ಸಿಗದೆ ಅದು ನಿಂತಿದ್ದರೆ ಹೊರಗೆ ಬಂದ ಮೇಲಾದರೂ ಕೊಡಿಸಿ.

"ಕಳ್ಳಕಾಕರಿಗೆ ಇಷ್ಟೆಲ್ಲ ಯಾಕೆ" ಅನ್ನುವವರಿಗೆ ನಮ್ಮದೇ ರಾಜ್ಯದ ಒಂದು ಕೇಸು ಹೇಳುತ್ತೇನೆ. 1984ರಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನ ಒಬ್ಬ ಕೈದಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಅದೇ ರಾಮಮೂರ್ತಿ ಕೇಸು. 1996ರ ತೀರ್ಪಿನಲ್ಲಿ ಕೋರ್ಟು ಜೈಲುಗಳ ಒಂಬತ್ತು ಸಮಸ್ಯೆ ಪಟ್ಟಿ ಮಾಡಿತು. ಮಿತಿಮೀರಿದ ಜನ ಅದರಲ್ಲಿದೆ, ವಿಚಾರಣೆಯ ವಿಳಂಬ ಇದೆ, ಆರೋಗ್ಯದ ಕಡೆಗಣನೆಯೂ ಇದೆ. ಕೋರ್ಟು ಶಿಕ್ಷೆ ಅಂತ ಕೊಟ್ಟರೆ ಸೆರೆವಾಸ ಕೊಡುತ್ತದೆ. ಟಿಬಿ ಕೊಡುವುದಿಲ್ಲ. ಶಿಕ್ಷೆಯೇ ಆಗದವನಿಗಂತೂ ಎರಡನ್ನೂ ಕೊಡುವ ಹಕ್ಕು ಯಾರಿಗೂ ಇಲ್ಲ.

ಈ ವಿಡಿಯೊ ನೋಡುತ್ತಿರುವ ವಕೀಲರಿಗೆ ಒಂದು ಕೋರಿಕೆ. ಜಾಮೀನು ಅರ್ಜಿ ಹಾಕುವ ಮುಂಚೆ ನಿಮ್ಮ ಕಕ್ಷಿದಾರರನ್ನು ಕೇಳಿ, ಟಿಬಿ ಗುಳಿಗೆ ನಡೆದಿದೆಯಾ ಅಂತ. ನಡೆದಿದ್ದರೆ ಜೈಲಿನ ವೈದ್ಯರಿಗೆ ಮೊದಲೇ ತಿಳಿಸಿ, ಗುಳಿಗೆ ಕಟ್ಟಿ ಇಟ್ಟಿರುತ್ತಾರೆ. ಭೇಟಿಗೆ ಹೋಗುವ ಮನೆಯವರೂ ಇದನ್ನೇ ಕೇಳಿ. ನಿಮ್ಮವರು ಈಗಾಗಲೇ ಹೊರಗೆ ಬಂದು ಗುಳಿಗೆ ಬಿಟ್ಟಿದ್ದರೆ ಹೆದರಬೇಡಿ, ಯಾರೂ ಬೈಯುವುದಿಲ್ಲ. ನಾಳೆ ಬೆಳಗ್ಗೆ ಹತ್ತಿರದ ಪಿಎಚ್‌ಸಿಗೆ ಕರೆದುಕೊಂಡು ಹೋಗಿ, ಇಲ್ಲವೇ ಟಿಬಿ ಸಹಾಯವಾಣಿ 1800-11-6666ಕ್ಕೆ ಫೋನ್ ಮಾಡಿ. ಆ ನಂಬರಿಗೆ ದುಡ್ಡು ಬೀಳುವುದಿಲ್ಲ.