ರೆಸಿಪಿಯನ್ನು ಬಿಡಿ, ಯೀಸ್ಟ್ ಕಡೆ ನೋಡಿ

ಸ್ನೇಹಿತರೇ,

ಸಭೆ ಶುರುವಾಗುವ ಮೊದಲೇ ನಿಮ್ಮಲ್ಲಿ ಹಲವರು ಮನೆಯಲ್ಲೇ ಮಾಡಿದ ಬಿಯರಿನ ಬಾಟಲಿ ಹಿಡಿದುಕೊಂಡು ಬಂದು ಮಾತಾಡಿಸಿದಿರಿ. ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ರುಚಿ ಕೆಟ್ಟಿದೆ, ಮುಂದಿನ ಸಲ ಯಾವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಹಾಕಲಿ, ಹಾಪ್ಸ್ (ಕಹಿ ಕೊಡುವ ಹೂವು) ಜಾಸ್ತಿ ಮಾಡಲೇ? ಹಾಗಾಗಿ ಬರೆದುಕೊಂಡು ಬಂದದ್ದನ್ನು ಪಕ್ಕಕ್ಕಿಟ್ಟು ಇದನ್ನೇ ಮೊದಲು ಹೇಳಿಬಿಡುತ್ತೇನೆ. ಹೊಸಬರ ಬಿಯರ್ ರೆಸಿಪಿಯಿಂದ ಕೆಡುವುದು ಬಹಳ ಕಡಿಮೆ. ಅದು ಕೆಡುವುದು ಒಲೆ ಆರಿದ ಮೇಲೆ, ಸಕ್ಕರೆಯನ್ನು ಮದ್ಯಸಾರ ಮಾಡುವ ಯೀಸ್ಟ್ ಬಿದ್ದ ಮೊದಲ ಮೂರು ದಿನಗಳಲ್ಲಿ. ಆ ಮೂರು ದಿನ ಪಾತ್ರೆಯೊಳಗೆ ಎಷ್ಟು ಡಿಗ್ರಿ ಇತ್ತು ಎಂದು ಕೇಳಿದಾಗ ಇವತ್ತು ಉತ್ತರ ಕೊಟ್ಟವರು ತೀರಾ ವಿರಳ. ಮುಂದಿನ ಸಾಲಿನಲ್ಲಿ ನಗುತ್ತಿದ್ದೀರಲ್ಲ, ನಿಮ್ಮ ಬಾಟಲಿಯನ್ನೂ ಮೂಸಿ ನೋಡಿದ್ದೇನೆ!

ಇದು ಹೊಸಬರಿಗಷ್ಟೇ ಬರುವ ಕಷ್ಟ ಎಂದುಕೊಳ್ಳಬೇಡಿ. ನನಗೆ ಬಹಳ ಪ್ರಿಯವಾದ ಕಥೆಯೊಂದಿದೆ, ಸ್ವಲ್ಪ ಸಾವಕಾಶವಾಗಿ ಹೇಳುತ್ತೇನೆ. 1871ರಲ್ಲಿ ಫ್ರೆಂಚ್ ವಿಜ್ಞಾನಿ ಲೂಯಿ ಪಾಶ್ಚರ್ ಲಂಡನ್ನಿನ ವಿಟ್‌ಬ್ರೆಡ್ ಬ್ರೂವರಿಗೆ ಹೋದರು. ಅಲ್ಲಿಯ ಪೋರ್ಟರ್ ಎಂಬ ಕಡು ಬಣ್ಣದ ಬಿಯರಿನ ಯೀಸ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಇದರಲ್ಲಿ ಬೇಡದ ಜೀವಿಗಳು ಸೇರಿಕೊಂಡಿವೆ ಎಂದರು. ಅಷ್ಟು ದೊಡ್ಡ ಬ್ರೂವರಿ, ಹೊರಗಿನಿಂದ ಬಂದವರೊಬ್ಬರು ನಿಮ್ಮ ಯೀಸ್ಟ್ ಸರಿಯಿಲ್ಲ ಎನ್ನುತ್ತಾರೆ! ಆದರೆ ಒಂದು ವಾರದೊಳಗೆ ಅವರು ಮತ್ತೆ ಹೋಗುವಷ್ಟರಲ್ಲಿ ಬ್ರೂವರಿಯವರು ತಮ್ಮದೇ ಸೂಕ್ಷ್ಮದರ್ಶಕ ಕೊಂಡು ತಂದಿದ್ದರು. ಅವರಿಗೆ ಬೇಸರ ಮಾಡಿಕೊಳ್ಳುವುದಕ್ಕಿಂತ ತಿಳಿದುಕೊಳ್ಳುವುದು ಮುಖ್ಯವಾಯಿತು, ನನಗೆ ಈ ಕಥೆಯಲ್ಲಿ ಇಷ್ಟವಾಗುವುದೇ ಅದು. ಮುಂದೆ 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್‌ನಲ್ಲೂ ಇದೇ ಗೋಳು. ಬಿಯರಿಗೆ ಕೆಟ್ಟ ಕಹಿ, ಕೆಟ್ಟ ವಾಸನೆ. ಅಲ್ಲಿಯ ಪ್ರಯೋಗಾಲಯದ ಎಮಿಲ್ ಕ್ರಿಸ್ಟಿಯನ್ ಹ್ಯಾನ್ಸನ್ ಅವರು ಯೀಸ್ಟಿನೊಳಗೆ ಕಾಡು ಯೀಸ್ಟ್ ನುಸುಳಿರುವುದನ್ನು ಪತ್ತೆ ಮಾಡಿ, ಒಂದೇ ಒಂದು ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದರು. ಮಾಲೀಕ ಜಾಕೋಬ್ಸನ್ ಅದನ್ನು ಗುಟ್ಟಾಗಿಟ್ಟುಕೊಳ್ಳದೆ ಬೇರೆ ಬ್ರೂವರಿಗಳಿಗೂ ಕೊಟ್ಟರು. ಇವತ್ತು ನಾವು ಕತ್ತರಿಸಿ ಸುರಿಯುವ ಯೀಸ್ಟ್ ಪೊಟ್ಟಣದ ಹಿಂದೆ ಆ ಕೆಲಸ ಇದೆ. ಅಷ್ಟು ಶುದ್ಧವಾದದ್ದು ಕೈಗೆ ಬಂದಿರುವಾಗ ಅದನ್ನು ಬಿಸಿಯಲ್ಲಿ ಒದ್ದಾಡಿಸುವುದು ನ್ಯಾಯವೇ?

ಬಿಸಿಯ ವಿಚಾರಕ್ಕೆ ಬರುತ್ತೇನೆ. ಹುದುಗುವಾಗ ಯೀಸ್ಟ್ ತಾನೇ ಶಾಖ ಹುಟ್ಟಿಸುತ್ತದೆ. 20 ಲೀಟರ್ ಪಾತ್ರೆಯಲ್ಲಿ ಜೋರಾಗಿ ಹುದುಗುತ್ತಿರುವಾಗ ಒಳಗಿನ ಉಷ್ಣತೆ ಕೋಣೆಗಿಂತ 3ರಿಂದ 5 ಡಿಗ್ರಿ ಮೇಲಿರಬಹುದು. ಕೋಣೆ 24 ಇದ್ದರೆ ಒಳಗೆ 28. ಸಾಮಾನ್ಯ ಏಲ್ (ಸ್ವಲ್ಪ ಬೆಚ್ಚಗೆ ಹುದುಗುವ ಬಿಯರ್) ಯೀಸ್ಟ್ ನೆಮ್ಮದಿಯಾಗಿರುವುದು ಸುಮಾರು 18ರಿಂದ 21ರಲ್ಲಿ. ಅದನ್ನು ದಾಟಿತೋ, ಬಾಳೆಹಣ್ಣಿನ ವಾಸನೆ, ನೇಲ್ ಪಾಲಿಶ್ ಘಾಟು, ಗಂಟಲು ಸುಡುವ ಮದ್ಯಸಾರ. ಬಾಳೆಹಣ್ಣು ಜರ್ಮನ್ ಗೋಧಿ ಬಿಯರಿನಲ್ಲಿ ಬೇಕಾದ ಗುಣ, ಪೇಲ್ ಏಲ್‌ನಲ್ಲಿ ಬೇಡ. ಉಪಾಯ ಸರಳ: ಪಾತ್ರೆಯನ್ನು ನೀರಿನ ಟಬ್ಬಿನಲ್ಲಿಡಿ, ಒದ್ದೆ ಬಟ್ಟೆ ಸುತ್ತಿ, ಮಂಜುಗಡ್ಡೆಯ ಬಾಟಲಿಗಳನ್ನು ಬದಲಿಸುತ್ತಿರಿ. ಥರ್ಮಾಮೀಟರನ್ನು ಗೋಡೆಗೆ ತೂಗುಹಾಕಬೇಡಿ, ಪಾತ್ರೆಗೇ ಅಂಟಿಸಿ. ವರ್ಟ್, ಅಂದರೆ ಮಾಲ್ಟಿನ ಕುದಿಸಿದ ಸಿಹಿ ರಸ, 18ಕ್ಕೆ ಇಳಿಯುವವರೆಗೆ ಯೀಸ್ಟ್ ಹಾಕಬೇಡಿ, ಎಷ್ಟೇ ಆತುರ ಇರಲಿ. ರೆಸಿಪಿ ಅದೇ ಇರಲಿ!

ಇನ್ನು ಬೆಣ್ಣೆ ವಾಸನೆ. ಇದು ಡಯಾಸಿಟೈಲ್. ಯೀಸ್ಟ್ ಹೊರಬಿಟ್ಟ ಒಂದು ಪದಾರ್ಥ ಬಿಯರಿನಲ್ಲೇ ಡಯಾಸಿಟೈಲ್ ಆಗುತ್ತದೆ, ಕೊನೆಯಲ್ಲಿ ಯೀಸ್ಟೇ ಅದನ್ನು ಮತ್ತೆ ಹೀರಿಕೊಂಡು ರುಚಿಯಿಲ್ಲದ ಬೇರೆ ವಸ್ತುವಾಗಿ ಮಾಡುತ್ತದೆ. ಹಸಿ ಸೇಬಿನ ವಾಸನೆ ಕೊಡುವ ಅಸಿಟಾಲ್ಡಿಹೈಡ್ ಕೂಡ ಸಕ್ಕರೆ ಮದ್ಯಸಾರವಾಗುವ ದಾರಿಯಲ್ಲಿ ಬರುವ ಒಂದು ಹಂತ. ಎರಡಕ್ಕೂ ಸಾಮಾನ್ಯ ಕಾರಣ ಅವಸರ. ಏರ್‌ಲಾಕ್‌ನಲ್ಲಿ (ಅನಿಲ ಹೊರಬಿಟ್ಟು ಗಾಳಿಯನ್ನು ಒಳಬಿಡದ ಕೊಳವೆ) ಗುಳ್ಳೆ ನಿಂತ ದಿನವೇ ಬಾಟಲಿಗೆ ತುಂಬಿಸಿದರೆ ಯೀಸ್ಟ್ ಶುಚಿ ಮಾಡುವ ಕೆಲಸ ಅರ್ಧಕ್ಕೇ ನಿಂತಹಾಗೆ. ಗುಳ್ಳೆಯ ಮಾತು ನಂಬಬೇಡಿ, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನು ಕೇಳಿ. ಮೂರು ದಿನ ಒಂದೇ ಅಂಕಿ ತೋರಿಸಬೇಕು. ಬಾಟಲಿ ಸಿಡಿಯದಿರುವುದಕ್ಕೂ ಅದೇ ರಕ್ಷಣೆ. ಕೊನೆಯ ದಿನಗಳಲ್ಲಿ ಉಷ್ಣತೆ ಒಂದೆರಡು ಡಿಗ್ರಿ ಏರಿದರೆ ಒಳ್ಳೆಯದೇ. ಕಡಿಮೆ ಉಷ್ಣತೆಯಲ್ಲಿ ಹುದುಗುವ ಲಾಗರ್ ಆದರೆ 18ರ ಹತ್ತಿರಕ್ಕೆ ತಂದು ಎರಡು ಮೂರು ದಿನ ಬಿಡಿ. ಅನುಮಾನವಿದ್ದರೆ ಹೀಗೆ ಮಾಡಿ: ಒಂದು ಲೋಟ ಬಿಯರಿಗೆ ಮುಚ್ಚಳ ಹಾಕಿ 60–70 ಡಿಗ್ರಿಯ ನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ತಣಿಸಿ, ಬಿಸಿ ಮಾಡದ ಲೋಟದ ಜೊತೆ ಮೂಸಿ ನೋಡಿ. ಬೆಣ್ಣೆ ಎದ್ದು ಬಂದರೆ ಇನ್ನೂ ಕಾಯಬೇಕು.

ಬ್ಯಾಂಡೇಜ್ ವಾಸನೆ, ಆಸ್ಪತ್ರೆ ವಾಸನೆ ಎಂದವರು ನಾಲ್ಕೈದು ಮಂದಿ ಇದ್ದಿರಿ. ಅದು ಬಹುಮಟ್ಟಿಗೆ ಕ್ಲೋರಿನ್. ನಲ್ಲಿ ನೀರಿನಲ್ಲಿದ್ದದ್ದೋ, ಪಾತ್ರೆ ತೊಳೆದ ಬ್ಲೀಚ್ ಉಳಿದದ್ದೋ, ವರ್ಟಿನ ಫೀನಾಲ್‌ಗಳ ಜೊತೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಅತ್ಯಲ್ಪ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಕ್ಲೋರಿನ್ ಕುದಿಸಿದರೆ ಹೋಗುತ್ತದೆ, ಆದರೆ ಕೆಲವು ಕಡೆ ನೀರಿಗೆ ಹಾಕುವ ಕ್ಲೋರಮಿನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಕ್ಯಾಂಪ್ಡೆನ್ ಎಂಬ ಸಲ್ಫೈಟ್ ಮಾತ್ರೆಯ ಕಾಲು ಭಾಗ 20 ಲೀಟರ್ ನೀರಿಗೆ ಸಾಕು, ಎರಡನ್ನೂ ತೆಗೆಯುತ್ತದೆ. ಬ್ಲೀಚ್ ಬಿಡಿ, ತೊಳೆಯಬೇಕಿಲ್ಲದ ಸ್ಯಾನಿಟೈಸರ್ ಬಳಸಿ. ಹಾಂ, ಕೊಳೆ ಕೂತ ಪಾತ್ರೆಗೆ ಸ್ಯಾನಿಟೈಸರ್ ಸುರಿದು ಉಪಯೋಗವಿಲ್ಲ, ಮೊದಲು ಉಜ್ಜಿ ತೊಳೆಯಿರಿ. ನಿಮಗೆ ಬಂದದ್ದು ಲವಂಗದ ವಾಸನೆಯಾದರೆ ಅದು ಬೇರೆ ಕಥೆ: ಆ ಯೀಸ್ಟಿನ ಗುಣವೇ ಹಾಗಿರಬೇಕು, ಇಲ್ಲವೇ ಕಾಡು ಯೀಸ್ಟ್ ಹೊಕ್ಕಿರಬೇಕು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದೇ ನಿಮಿಷವಂತೆ. ಉಳಿದದ್ದು ಓಡುತ್ತಾ ಹೇಳುತ್ತೇನೆ. ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ, ತೆಳು ಬಣ್ಣದ ಮಾಲ್ಟ್ ಕುದಿಸುವಾಗ ಮುಚ್ಚಳ ಹಾಕಿದ್ದೀರಿ. ತೆರೆದಿಟ್ಟು ಒಂದು ಗಂಟೆಗೆ ಕಡಿಮೆ ಇಲ್ಲದಂತೆ ಕುದಿಸಿ, ಬೇಗ ತಣಿಸಿ. ಒದ್ದೆ ರಟ್ಟಿನ ರುಚಿ ಗಾಳಿ ತಾಗಿದ್ದರಿಂದ, ತುಂಬಿಸುವಾಗ ಎತ್ತರದಿಂದ ಸುರಿಯಬೇಡಿ. ಬಿಸಿಲು ಬಿದ್ದರೆ ಹಾಪ್ಸಿನ ಕಹಿಯೇ ಒಡೆದು ನಾರುತ್ತದೆ. ಕಂದು ಬಾಟಲಿ ಕಾಪಾಡುತ್ತದೆ, ಹಸಿರು ಬಾಟಲಿ ನಂಬಿಕೆಗಿಲ್ಲ. ನಾಲಿಗೆ ಒಣಗಿಸುವ ಒಗರು ಬಂದರೆ ಮಾಲ್ಟ್ ತೊಳೆದ ನೀರು 77 ಡಿಗ್ರಿ ದಾಟಿತ್ತೇ ನೋಡಿ.

ಕೊನೆಗೆ, ಬಿಯರ್ ಚೆಲ್ಲಬೇಕೇ ಎಂದು ಕೇಳಿದ್ದಿರಲ್ಲ. ಬೆಣ್ಣೆ, ಹಸಿ ಸೇಬು, ಗಂಧಕದ ವಾಸನೆ ಇದ್ದರೆ, ಯೀಸ್ಟ್ ಇನ್ನೂ ಇದೆ, ಎರಡು ವಾರ ತಂಪಿಲ್ಲದ ಕಡೆ ಇಟ್ಟು ನೋಡಿ. ಬ್ಯಾಂಡೇಜ್, ವಿನೆಗರ್ ಹುಳಿ, ರಟ್ಟು, ಇವು ಕಾದರೆ ಹೋಗುವುದಿಲ್ಲ, ಚೆಲ್ಲಿಬಿಡಿ. ಆಮೇಲೆ ಅದೇ ರೆಸಿಪಿಯನ್ನು ಮತ್ತೆ ಮಾಡಿ, ಒಂದೇ ಒಂದು ವಿಷಯ ಬದಲಿಸಿ, ಏನು ಬದಲಿಸಿದಿರಿ ಎಂದು ಬರೆದಿಡಿ. ಬಾಟಲಿ ತಂದವರು ಇಲ್ಲೇ ಇರಿ, ಒಂದೊಂದನ್ನೇ ತೆರೆದು ಒಟ್ಟಿಗೆ ಮೂಸೋಣ.