ಅಪ್ಪ ಹೇಳಿದ ಒಂದು ಸುಳ್ಳು

ಕೊಲೆಗಾರ ಯಾರೆಂಬ ಗುಟ್ಟನ್ನು ಇವತ್ತು ಒಡೆದೇ ಮಾತನಾಡುತ್ತೇನೆ. ಈ ಜಪಾನಿ ಸಿನಿಮಾ 1974ರದ್ದು, ಮುಚ್ಚಿಟ್ಟದ್ದು ಸಾಕು. ಅಲ್ಲದೆ ‘ಸುನಾ ನೊ ಉತ್ಸುವಾ’, ಅಂದರೆ ಮರಳಿನ ಪಾತ್ರೆ, ಕೊಲೆಗಾರ ಗೊತ್ತಾದ ಮೇಲೆಯೇ ಹತ್ತಿಕೊಳ್ಳುವ ಚಿತ್ರ.

ಟೋಕಿಯೊದ ಕಾಮಾತಾ ರೈಲ್ವೆ ಯಾರ್ಡಿನಲ್ಲಿ ಒಂದು ಹೆಣ. ಹಿಂದಿನ ರಾತ್ರಿ ಆ ಮನುಷ್ಯ ಬಾರ್‌ನಲ್ಲಿ ಒಬ್ಬ ಯುವಕನೊಂದಿಗೆ ಕುಳಿತಿದ್ದ. ಅಲ್ಲಿದ್ದವರ ಕಿವಿಗೆ ಬಿದ್ದದ್ದು ‘ಕಾಮೆದಾ’ ಎಂಬ ಪದ, ಜೊತೆಗೆ ಈಶಾನ್ಯ ಜಪಾನಿನ ಧಾಟಿ. ಪತ್ತೇದಾರ ಇಮಾನಿಶಿ ಈಶಾನ್ಯದ ಅಕಿತಾದವರೆಗೆ ಹೋಗಿ ಬರಿಗೈಯಲ್ಲಿ ಮರಳುತ್ತಾನೆ. ಅದೇ ಧಾಟಿ ದೂರದ ಇಜುಮೊ ಸೀಮೆಯಲ್ಲೂ ಉಂಟು, ಅಲ್ಲಿ ಕಾಮೆದಾಕೆ ಎಂಬ ಊರಿದೆ ಎಂದು ಆಮೇಲೆ ತಿಳಿಯುತ್ತದೆ. ಆಡುಮಾತೇ ಸುಳಿವಾಗುವ ಈ ಜಾಣತನ ಕಾದಂಬರಿಕಾರ ಮಾತ್ಸುಮೊತೊ ಸೈಚೊ ಅವರದು.

ಆದರೆ ಕಾದಂಬರಿಯಲ್ಲಿ ಕೊಲೆಗಾರನಾದ ಸಂಗೀತಗಾರ ವಾಗಾ ಶಬ್ದತರಂಗಗಳಿಂದ ಕೊಲ್ಲುವ ಪ್ರಸಂಗವೂ ಇದೆ. ನಿರ್ದೇಶಕ ನೊಮುರಾ ಯೋಶಿತಾರೊ ಅದನ್ನು ಕಿತ್ತೆಸೆದದ್ದು ಪುಣ್ಯ. ಬದಲಿಗೆ, ಪುಸ್ತಕದಲ್ಲಿ ಕೆಲವೇ ಸಾಲುಗಳಲ್ಲಿ ಮುಗಿದುಹೋಗುವ ಒಂದು ಅಲೆದಾಟವನ್ನು ಚಿತ್ರಕಥೆಗಾರರಾದ ಹಾಶಿಮೊತೊ ಶಿನೊಬು, ಯಾಮಾದಾ ಯೋಜಿ ಹಿಗ್ಗಿಸಿದರು. ಕುಷ್ಠರೋಗ ತಗುಲಿದ ಅಪ್ಪ, ಆರೇಳು ವರ್ಷದ ಮಗ. ಊರು ಬಿಟ್ಟು ಹಿಮದಲ್ಲಿ, ಕಡಲ ದಂಡೆಯಲ್ಲಿ, ಬೇಡುತ್ತಾ ನಡೆಯುತ್ತಾರೆ. ಒಂದು ಕಡೆ ಪೊಲೀಸರ ಸಭೆ, ಇನ್ನೊಂದು ಕಡೆ ವೇದಿಕೆಯ ಮೇಲೆ ಪಿಯಾನೊ ನುಡಿಸುತ್ತಿರುವ ವಾಗಾ, ನಡುವೆ ಆ ಇಬ್ಬರ ನಡಿಗೆ. ಅಪ್ಪ ಮಗನ ಮಾತು ನಮಗೆ ಕೇಳಿಸುವುದಿಲ್ಲ, ಸಂಗೀತ ಮಾತ್ರ. ಕಣ್ಣೀರು ತರಿಸುವ ಹುನ್ನಾರ ಎನ್ನುವವರಿದ್ದಾರೆ. ಹುನ್ನಾರವೇ ಇರಲಿ, ನಾನು ಅತ್ತಿದ್ದೇನೆ.

ನನ್ನ ತಕರಾರು ಬೇರೆ. ಸತ್ತವನು ಮಿಕಿ. ಹಿಂದೆ ಇದೇ ಅಪ್ಪ ಮಗನಿಗೆ ಆಸರೆಯಾದ ಹಳ್ಳಿಯ ಪೊಲೀಸು. ಅಪ್ಪನನ್ನು ಚಿಕಿತ್ಸಾಲಯಕ್ಕೆ ಕಳುಹಿಸಿ, ಹುಡುಗನನ್ನು ತನ್ನ ಮನೆಯಲ್ಲಿ ಇಟ್ಟುಕೊಂಡ; ಹುಡುಗ ಓಡಿಹೋದ. ಯುದ್ಧದಲ್ಲಿ ಸುಟ್ಟುಹೋದ ದಾಖಲೆಗಳ ಮರೆಯಲ್ಲಿ ಬೇರೆ ಹೆಸರು ಪಡೆದು ವಾಗಾ ಆದ. ಸಾಯುವ ಮುನ್ನ ಅಪ್ಪನನ್ನು ಒಮ್ಮೆ ನೋಡು ಎಂದು ಅಂಗಲಾಚಿದ ತಪ್ಪಿಗೆ ಮಿಕಿ ಹೆಣವಾದ. ಸಂಗೀತ ಏರುತ್ತಾ ಹೋದಂತೆ ನಾವೆಲ್ಲ ಕೊಂದವನಿಗಾಗಿ ಮರುಗುತ್ತೇವೆ, ಮಿಕಿ ಮರೆತೇಹೋಗುತ್ತಾನೆ. ಇದು ಸರಿಯೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ಆದರೂ ಚಿತ್ರವನ್ನು ತಳ್ಳಿಹಾಕಲಾರೆ. ಅದು ತೆರೆಗೆ ಬಂದಾಗ ರೋಗಕ್ಕೆ ಮದ್ದು ಸಿಕ್ಕಿ ದಶಕಗಳಾಗಿದ್ದವು, ರೋಗಿಗಳನ್ನು ಬೇರೆಯಿಡುವ ಕಾನೂನು ಮಾತ್ರ ಹಾಗೆಯೇ ಇತ್ತು. ಜಪಾನ್ ಅದನ್ನು ರದ್ದು ಮಾಡಿದ್ದು 1996ರಲ್ಲಿ.

ಇನ್ನೊಂದು ದೃಶ್ಯ. ಕಾದಂಬರಿಯಲ್ಲಿ ಅಷ್ಟರೊಳಗೆ ಅಪ್ಪ ತೀರಿಕೊಂಡಿರುತ್ತಾನೆ, ಚಿತ್ರದಲ್ಲಿ ಬದುಕಿದ್ದಾನೆ. ಇಮಾನಿಶಿ ಚಿಕಿತ್ಸಾಲಯಕ್ಕೆ ಹೋಗಿ ವಾಗಾನ ಫೋಟೊ ಮುಂದಿಡುತ್ತಾನೆ. ಮುದುಕ ಅದನ್ನೇ ದಿಟ್ಟಿಸುತ್ತಾನೆ. ಮೈಯೆಲ್ಲ ನಡುಗುತ್ತದೆ. ಬಿಕ್ಕಿ ಬಿಕ್ಕಿ ಅಳುತ್ತಲೇ ಕೂಗುತ್ತಾನೆ: ಇಂಥವನು ಯಾರೋ ನನಗೆ ಗೊತ್ತಿಲ್ಲ.